ಹಳೇ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಸ್ಕೊಳ್ಳೋದು ಹೇಗೆ (ಸಾಫ್ಟ್‌ವೇರ್ ವಿಷ್ಯ ಆಮೇಲೆ)

ಅಟ್ಟದಿಂದ ಕ್ಯಾಸೆಟ್ ಡಬ್ಬ ಇಳಿಸಿದವ್ರೆಲ್ಲ ಕೇಳೋ ಮೊದಲ ಪ್ರಶ್ನೆ ಒಂದೇ, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಲಿ ಅಂತ. ಯಾವ್ದಾದ್ರೂ ನಡಿಯುತ್ತೆ ಮಾರಾಯ್ರೆ, ಅದರ ಸರದಿ ಬರೋದು ಕೊನೇಗೆ. ಮುಕ್ಕಾಲು ಪಾಲು ಕೆಲಸ ಪ್ಲೇಯರ್‌ನ ಹೆಡ್ (ಟೇಪಿಂದ ಸೌಂಡ್ ಓದೋ ಭಾಗ) ಹತ್ರಾನೇ ಮುಗೀಬೇಕು, ಅಲ್ಲಿ ಕಳ್ಕೊಂಡ ಸೌಂಡನ್ನ ಕಂಪ್ಯೂಟರ್ ಮುಂದೆ ಕೂತು ಏನ್ ತಿಪ್ಪರಲಾಗ ಹಾಕಿದ್ರೂ ವಾಪಸ್ ತರಕ್ಕಾಗಲ್ಲ.

ಮೊದ್ಲು ಯಾವ ಕ್ಯಾಸೆಟ್ ಅನ್ನೋದನ್ನ ನೋಡಿ. ಕಂಪನಿ ಕ್ಯಾಸೆಟ್‌ನಲ್ಲಿರೋ ಸಿನಿಮಾ ಹಾಡು ಬಹುತೇಕ ಯೂಟ್ಯೂಬ್‌ನಲ್ಲೋ ಸ್ಪಾಟಿಫೈನಲ್ಲೋ ಸಿಗುತ್ತೆ, ಅದೂ ನಿಮ್ಮ ಕ್ಯಾಸೆಟ್‌ಗಿಂತ ಕ್ಲೀನಾಗಿ. ಅದಕ್ಕೆ ವಾರಗಟ್ಟಲೆ ಕೂರೋದು ದಂಡ, ಆಸೆಗೆ ಮಾಡ್ತೀನಿ ಅಂದ್ರೆ ಮಾಡಿ, ಬೇಡ ಅನ್ನಲ್ಲ. ಆದ್ರೆ ಮನೇಲೇ ರೆಕಾರ್ಡ್ ಮಾಡಿದ್ದು ಇರುತ್ತಲ್ಲ, ಅಜ್ಜಿ ಹೇಳಿದ ಸೋಬಾನೆ, ಊರಿನ ತಾಳಮದ್ದಳೆ, ರೇಡಿಯೋದಿಂದ ಹಿಡಿದಿಟ್ಟ ನಾಟಕ, ಮಗು ತೊದಲು ಮಾತಾಡಿದ್ದು, ದುಬೈಯಿಂದ ಮಾವ ಕಾಗದದ ಬದ್ಲು ಮಾತಾಡಿ ಕಳಿಸಿದ ಕ್ಯಾಸೆಟ್ಟು, ಅದು ಪ್ರಪಂಚದಲ್ಲಿ ಇರೋದೇ ಒಂದು ಕಾಪಿ. ಅದು ಮೊದ್ಲು. ಮೇಲೆ ಬರೆದಿರೋದನ್ನ ಮಾತ್ರ ನಂಬ್ಬೇಡಿ, ಭಕ್ತಿಗೀತೆ ಕ್ಯಾಸೆಟ್ ಮೇಲೇನೇ ಮದುವೆ ಮನೆ ಗಲಾಟೆ ರೆಕಾರ್ಡ್ ಮಾಡಿರೋ ಮನೆಗಳು ಬೇಕಾದಷ್ಟಿವೆ, ಹಾಗಾಗಿ ಎರಡೂ ಕಡೆ ಸ್ವಲ್ಪ ಸ್ವಲ್ಪ ಕೇಳಿ ನೋಡಿ.

ಪ್ಲೇಯರ್‌ಗೆ ಹಾಕೋಕೆ ಮುಂಚೆ ಒಂದು ಕೆಲಸ. ಕ್ಯಾಸೆಟ್ ಹಿಂಬದಿ ಅಂಚಲ್ಲಿ, ಅಂದ್ರೆ ಟೇಪ್ ಕಾಣೋ ಬಾಯಿಗೆ ಎದುರು ಕಡೆ, ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತೆ. ಅದನ್ನ ಮುರಿದ್ರೆ ಆ ಕ್ಯಾಸೆಟ್ ಮೇಲೆ ರೆಕಾರ್ಡ್ ಬಟನ್ ಒತ್ತಕ್ಕೇ ಆಗಲ್ಲ. ಎ ಸೈಡ್ ನಿಮ್ಮ ಕಡೆ, ಬಾಯಿ ಕೆಳಗಡೆ ಬರೋ ಹಾಗೆ ಹಿಡ್ಕೊಂಡ್ರೆ ಎಡಗಡೆ ಹಲ್ಲು ಎ ಸೈಡ್‌ದು, ಬಲಗಡೆದು ಬಿ ಸೈಡ್‌ದು. ಎರಡೂ ಮುರಿದುಬಿಡಿ. ಹಳೇ ಟೂ-ಇನ್-ವನ್‌ಗಳಲ್ಲಿ (ರೇಡಿಯೋ, ಕ್ಯಾಸೆಟ್ ಎರಡೂ ಇರೋ ಸೆಟ್) ಪ್ಲೇ ಮತ್ತೆ ರೆಕಾರ್ಡ್ ಬಟನ್ ಅಕ್ಕಪಕ್ಕದಲ್ಲೇ ಇರುತ್ತೆ, ಬೆರಳು ಜಾರಿದ್ರೆ ಅಜ್ಜಿ ಹಾಡು ಅಳಿಸಿ ಹೋಗಿ ನಿಮ್ಮ ಮನೆ ಮಿಕ್ಸಿ ಸದ್ದು ರೆಕಾರ್ಡ್ ಆಗುತ್ತೆ.

ಆಮೇಲೆ ಕ್ಯಾಸೆಟ್ ಮಧ್ಯದ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ಸುರುಳಿ ನೋಡಿ. ಬಿಳಿ ಪುಡಿ ಪುಡಿ ತರ ಕಂಡ್ರೆ ಅದು ಬೂಷ್ಟು. ನಮ್ಮ ಮಲ್ನಾಡ್ ಕಡೆ, ಕರಾವಳಿ ಕಡೆ ಇದು ಮಾಮೂಲಿ, ನಾಲ್ಕು ತಿಂಗ್ಳು ಮಳೆ ಹಿಡಿದ್ರೆ ಚಪ್ಪಲಿಗೇ ಬೂಷ್ಟು ಬರೋ ಜಾಗದಲ್ಲಿ ಕ್ಯಾಸೆಟ್‌ದೇನು ದೊಡ್ಡ ಮಾತು. ಅದನ್ನ ಹಾಗೇ ಪ್ಲೇ ಮಾಡ್ಬೇಡಿ, ಹೆಡ್‌ಗೆ ಮೆತ್ತಿ ಅಲ್ಲಿಂದ ಮುಂದಿನ ಕ್ಯಾಸೆಟ್‌ಗಳಿಗೂ ದಾಟುತ್ತೆ. ಅಂಥವನ್ನ ಬೇರೆ ಕವರ್‌ನಲ್ಲಿ ಹಾಕಿ ಪಕ್ಕಕ್ಕಿಟ್ಟು ಎಲ್ಲಾದಕ್ಕೂ ಕೊನೇಗೆ ಕೈ ಹಾಕಿ. ಬಾಯಿ ಕಡೆ ಮಧ್ಯದಲ್ಲಿ, ಟೇಪ್ ಹಿಂದೆ, ತಾಮ್ರದ ಬಣ್ಣದ ಪಟ್ಟಿ ಮೇಲೆ ಬಟ್ಟೆ ತರದ್ದೋ ಸ್ಪಂಜಿಂದೋ ಒಂದು ಚಿಕ್ಕ ಪ್ಯಾಡ್ ಇರುತ್ತೆ, ಟೇಪನ್ನ ಹೆಡ್‌ಗೆ ಒತ್ತಿ ಹಿಡಿಯೋದು ಅದೇ. ಗಮ್ ಒಣಗಿ ಅದು ಉದುರಿಹೋಗಿದ್ರೆ ಸೌಂಡ್ ಮಂಕಾಗಿ ಬರುತ್ತೆ, ಬಂದು ಬಂದು ಹೋಗುತ್ತೆ, ಜನ ಟೇಪೇ ಹಾಳಾಗಿದೆ ಅಂತ ಬಿಸಾಕ್ತಾರೆ. ಐದು ಸ್ಕ್ರೂ ಇರೋ ಕ್ಯಾಸೆಟ್ ಆದ್ರೆ ಬಿಚ್ಚಿ ಬೇರೆ ಬೇಡದ ಕ್ಯಾಸೆಟ್‌ನ ಚಿಪ್ಪಿಗೆ ಸುರುಳಿ ವರ್ಗಾಯಿಸಿ, ಅಲ್ಲಿ ಪ್ಯಾಡ್ ಇರುತ್ತೆ. ಸ್ಕ್ರೂ ಇಲ್ದೆ ಅಂಟಿಸಿದ್ದಾದ್ರೆ ಅಂಚಿಗೆ ಬ್ಲೇಡ್ ಹಾಕಿ ಹುಷಾರಾಗಿ ಬಿಡಿಸ್ಬೇಕು, ಎರಡು ಬೇಡದ ಕ್ಯಾಸೆಟ್ ಮೇಲೆ ಕೈ ಪಳಗಿಸ್ಕೊಂಡು ಆಮೇಲೆ ಅಸಲಿಗೆ ಹೋಗಿ.

ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಸುತ್ಕೊಂಡೇ ಕೂತಿದ್ದು ಒಂದ್ಸಲ ಸಡಿಲ ಆಗ್ಲಿ. 90 ನಿಮಿಷದ ಕ್ಯಾಸೆಟ್‌ನಲ್ಲಿ ಟೇಪು 60ರದ್ದಕ್ಕಿಂತ ತೆಳು, ಸುಲಭವಾಗಿ ಸಿಕ್ಕಾಕ್ಕೊಳ್ಳುತ್ತೆ, ಅದನ್ನ ಪೆನ್ಸಿಲ್ ಹಾಕಿ ಕೈಯಲ್ಲೇ ತಿರುಗಿಸಿದ್ರೆ ಒಳ್ಳೇದು.

ಈಗ ಪ್ಲೇಯರ್. ಆನ್‌ಲೈನ್‌ನಲ್ಲಿ ಯುಎಸ್‌ಬಿ ಇರೋ ಹೊಸಾ ಅಗ್ಗದ ವಾಕ್‌ಮನ್ ತರದ್ದು ಸಿಗುತ್ತೆ, ನೋಡಕ್ಕೆ ಚೆಂದ, ಆದ್ರೆ ಅದರ ಮೋಟರು ಒಂದೇ ಸಮ ಓಡಲ್ಲ, ಕೊಳಲೋ ವೀಣೆಯೋ ಬಂದಾಗ ಸ್ವರ ಅಲ್ಲಾಡೋದು ಗೊತ್ತಾಗುತ್ತೆ. ನನ್ನ ಕೇಳಿದ್ರೆ ಮನೇಲಿರೋ ಹಳೇ ಡೆಕ್ಕೋ ಟೂ-ಇನ್-ವನ್ನೋ ರಿಪೇರಿ ಮಾಡಿಸಿ. ನಿಂತುಹೋಗಿರೋ ಪ್ಲೇಯರ್‌ಗಳಲ್ಲಿ ಸುಮಾರು ಸಲ ಕಾರಣ ರಬ್ಬರ್ ಬೆಲ್ಟು, ಸಡಿಲ ಆಗಿರುತ್ತೆ ಇಲ್ಲಾ ಕರಗಿ ಟಾರ್ ತರ ಆಗಿರುತ್ತೆ, ಬೆಲ್ಟ್ ಬದಲಾಯಿಸಿದ್ರೆ ಜೀವ ಬರುತ್ತೆ. ಬೆಂಗಳೂರಿನವ್ರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಇದೆ, ಸೆಕೆಂಡ್‌ಹ್ಯಾಂಡ್ ಪ್ಲೇಯರ್ ಹುಡುಕೋರು ಬಿವಿಕೆ ಅಯ್ಯಂಗಾರ್ ರೋಡ್ ಕಡೆಯ ಸಂಡೇ ಬಜಾರ್ ಒಂದು ಸುತ್ತು ಹಾಕಿ, ಬೇರೆ ಊರಲ್ಲಾದ್ರೆ ರೇಡಿಯೋ ರಿಪೇರಿ ಮಾಡ್ತಿದ್ದ ವಯಸ್ಸಾದವ್ರು ಯಾರಾದ್ರೂ ಇದ್ದೇ ಇರ್ತಾರೆ, ಕೇಳಿ ನೋಡಿ, ಕ್ಯಾಸೆಟ್ ಅಂದ್ರೆ ಖುಷಿಯಾಗೇ ಮಾಡ್ಕೊಡ್ತಾರೆ.

ಕ್ಲೀನಿಂಗ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು, 99 ಪರ್ಸೆಂಟ್‌ದು, ಮೊಬೈಲ್ ರಿಪೇರಿ ಸಾಮಾನು ಮಾರೋರ ಹತ್ರ ಸಿಗುತ್ತೆ. ಸ್ಯಾನಿಟೈಸರ್ ಬೇಡ, ನೇಲ್ ಪಾಲಿಶ್ ರಿಮೂವರ್ ಅಂತೂ ಮುಟ್ಟಲೇಬೇಡಿ, ಪ್ಲಾಸ್ಟಿಕ್ ತಿಂದುಹಾಕುತ್ತೆ. ಕಿವಿಗೆ ಹಾಕೋ ಬಡ್ಸ್ ಅದ್ದಿ ಹೆಡ್‌ನ ಹೊಳೆಯೋ ಮುಖ ಒರೆಸಿ, ಅದರ ಪಕ್ಕ ನಿಂತಿರೋ ತೆಳು ಉಕ್ಕಿನ ಕಡ್ಡಿ ಒರೆಸಿ, ಆ ಕಡ್ಡಿಗೆ ಒತ್ತಿಕೊಳ್ಳೋ ಕಪ್ಪು ರಬ್ಬರ್ ಚಕ್ರ ಇದೆಯಲ್ಲ ಅದನ್ನ ಒದ್ದೆ ಬಟ್ಟೆಯಿಂದ ತಿರುಗಿಸ್ತಾ ಒರೆಸಿ. ಬಡ್ಸ್ ಕಂದು ಬಣ್ಣಕ್ಕೆ ಬರುತ್ತೆ, ಅದು ಟೇಪಿಂದ ಉದುರಿದ ಪುಡಿ. ಬಿಳಿಯಾಗಿ ಬರೋವರೆಗೂ ಮಾಡಿ. ಹಳೇ ಕ್ಯಾಸೆಟ್ ಓಡಿಸ್ತಿದ್ರೆ ಮೂರ್ನಾಲ್ಕು ಕ್ಯಾಸೆಟ್‌ಗೊಂದ್ಸಲ ಮತ್ತೆ ಇದೇ ಕೆಲಸ.

ಈಗ ಬರೋದೇ ಅಸಲಿ ವಿಷ್ಯ, ಅಜಿಮತ್ ಅಂತಾರೆ ಇದನ್ನ. ಕ್ಯಾಸೆಟ್ ಟೇಪ್ ಅಗಲ ಬರೀ 3.8 ಮಿಲಿಮೀಟರ್, ಅಷ್ಟರಲ್ಲೇ ಸ್ಟೀರಿಯೋದ ನಾಲ್ಕು ಟ್ರ್ಯಾಕ್ ಮಲಗಿರುತ್ತೆ, ಒಂದೊಂದು ಸೈಡ್‌ಗೆ ಎರಡೆರಡು. ರೆಕಾರ್ಡ್ ಮಾಡಿದ ಮೆಷಿನ್‌ನ ಹೆಡ್ ಎಷ್ಟು ಓರೆ ಇತ್ತೋ ನಿಮ್ಮ ಹೆಡ್ಡೂ ಅಷ್ಟೇ ಓರೆ ನಿಂತ್ರೆ ಮಾತ್ರ ಪೂರ್ತಿ ಸೌಂಡ್ ಬರುತ್ತೆ, ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಮೊದ್ಲು ಹೋಗೋದು ತಾಳ, ಗೆಜ್ಜೆ, ಮಾತಿನ ಸಕಾರ ಇವೆಲ್ಲ, ಕಂಬಳಿ ಹೊದ್ದು ಹಾಡಿದಂಗೆ ಕೇಳುತ್ತೆ. ಸರಿ ಮಾಡೋದು ಕಷ್ಟ ಏನಿಲ್ಲ. ಹೆಡ್‌ನ ಎರಡೂ ಪಕ್ಕ ಸ್ಕ್ರೂ ಇರುತ್ತೆ, ಸ್ಪ್ರಿಂಗ್ ಮೇಲೆ ಕೂತಿರೋ ಸ್ಕ್ರೂನೇ ಇದಕ್ಕೆ, ಕೆಲವು ಪ್ಲೇಯರ್‌ಗಳಲ್ಲಿ ಅದಕ್ಕೇ ಅಂತ ಮುಂದುಗಡೆ ತೂತು ಬಿಟ್ಟಿರ್ತಾರೆ. ಮೊದ್ಲು ಸ್ಕ್ರೂ ಈಗ ಎಲ್ಲಿದೆ ಅಂತ ಮಾರ್ಕರ್‌ನಲ್ಲಿ ಒಂದು ಗೀಟು ಹಾಕಿ. ಕ್ಯಾಸೆಟ್ ಓಡ್ತಾ ಇರುವಾಗ್ಲೇ ಚಿಕ್ಕ ಸ್ಕ್ರೂಡ್ರೈವರ್‌ನಿಂದ ಆ ಕಡೆ ಈ ಕಡೆ ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸಿ ಕೇಳಿ, ಒಂದು ಜಾಗದಲ್ಲಿ ಸೌಂಡ್ ಥಟ್ ಅಂತ ತೆರ್ಕೊಳ್ಳುತ್ತೆ, ದಾಟಿದ್ರೆ ಮತ್ತೆ ಮಂಕು. ಎಡ ಬಲ ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳಿದ್ರೆ ಈ ಜಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಬೇರೆ ಬೇರೆ ಮೆಷಿನ್‌ನಲ್ಲಿ ರೆಕಾರ್ಡ್ ಆಗಿರೋದ್ರಿಂದ ಮನೆ ಕ್ಯಾಸೆಟ್‌ಗಳಿಗೆ ಒಂದೊಂದಕ್ಕೂ ಹೊಸದಾಗಿ ಹೊಂದಿಸ್ಬೇಕು, ಬೇಜಾರಿನ ಕೆಲಸ ನಿಜ, ಆದ್ರೆ ಇದೊಂದನ್ನ ಬಿಟ್ರೆ ಉಳಿದದ್ದೆಲ್ಲ ಮಾಡಿ ಪ್ರಯೋಜನ ಇಲ್ಲ.

ಸ್ಪೀಡೂ ನೋಡ್ಕೊಳ್ಳಿ. ಗೊತ್ತಿರೋ ಯಾವ್ದಾದ್ರೂ ಕಂಪನಿ ಕ್ಯಾಸೆಟ್ ಹಾಕಿ ಒಂದು ಹಾಡಿನ ಉದ್ದ ಅಳೀರಿ, ಅದೇ ಹಾಡು ಸ್ಟ್ರೀಮಿಂಗ್‌ನಲ್ಲಿ ಎಷ್ಟಿದೆ ನೋಡಿ. ಅಲ್ಲಿ 260 ಸೆಕೆಂಡ್ ಇದ್ದು ನಿಮ್ಮ ಪ್ಲೇಯರ್‌ನಲ್ಲಿ 247ಕ್ಕೇ ಮುಗಿದ್ರೆ ಪ್ಲೇಯರ್ ಜೋರಾಗಿ ಓಡ್ತಿದೆ ಅಂತ, ರೆಕಾರ್ಡ್ ಆದ್ಮೇಲೆ ಸಾಫ್ಟ್‌ವೇರ್‌ನಲ್ಲಿ ಸ್ಪೀಡ್ 5 ಪರ್ಸೆಂಟ್ ಕಮ್ಮಿ ಮಾಡಿದ್ರೆ ಸರಿಹೋಗುತ್ತೆ. ಟೆಂಪೋ ಬದಲಾಯಿಸೋ ಎಫೆಕ್ಟ್ ಬೇರೆ, ಅದು ಸ್ವರ ಹಾಗೇ ಇಟ್ಟು ವೇಗ ಮಾತ್ರ ಬದಲಿಸುತ್ತೆ, ನಿಮಗೆ ಬೇಕಾಗಿರೋದು ಸ್ವರ ವೇಗ ಎರಡೂ ಒಟ್ಟಿಗೆ ಬದಲಾಗೋದು.

ಕಂಪ್ಯೂಟರ್‌ಗೆ ಜೋಡಿಸೋದು ಸುಲಭ. ಡೆಕ್ ಆದ್ರೆ ಲೈನ್ ಔಟ್ ಅಂತಿರೋ ತೂತಿಂದ ವೈರ್ ತನ್ನಿ, ಇಲ್ಲಾಂದ್ರೆ ಹೆಡ್‌ಫೋನ್ ತೂತಿಂದ, ವಾಲ್ಯೂಮ್ ಅರ್ಧಕ್ಕಿಟ್ಟು. ಈಗಿನ ಲ್ಯಾಪ್‌ಟಾಪ್‌ನಲ್ಲಿ ಇರೋ ಒಂದೇ ತೂತಿಗೆ ಸಾಮಾನ್ಯವಾಗಿ ಮೈಕ್ ಮಾತ್ರ ಆಗೋದು, ಅದೂ ಮೋನೋ, ಹಾಗಾಗಿ ಸ್ಟೀರಿಯೋ ಲೈನ್ ಇನ್ ಇರೋ ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ತಗೋಳ್ಳೋವಾಗ ಮೈಕ್ ಇನ್ ಅಲ್ಲ ಲೈನ್ ಇನ್ ಅಂತ ನೋಡಿ ತಗೊಳ್ಳಿ. ಗುಂಯ್ ಅಂತ ಕರೆಂಟ್ ಸದ್ದು ಬಂದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಮೊಬೈಲ್ ದೂರ ಇಡಿ. ವಿಂಡೋಸ್‌ನಲ್ಲಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ ಅಂತಿರೋದೆಲ್ಲ ಆಫ್ ಮಾಡಿ, ಕಂಪ್ಯೂಟರ್ ಮಧ್ಯದಲ್ಲಿ ನಿದ್ದೆ ಹೋಗದ ಹಾಗೆ ಸೆಟ್ಟಿಂಗೂ ಬದಲಾಯಿಸಿ.

ಸಾಫ್ಟ್‌ವೇರ್‌ಗೆ ಆಡಾಸಿಟಿ ಸಾಕು, ಫ್ರೀ. 44100 ಹರ್ಟ್ಸ್, ಸ್ಟೀರಿಯೋ, ಜೋರಾದ ಜಾಗದಲ್ಲಿ ಮೀಟರ್ ಮೈನಸ್ 6 ಡಿಬಿ ಹತ್ರ ಬರೋ ಹಾಗೆ ಲೆವೆಲ್ ಇಟ್ಟು, ಒಂದು ಸೈಡ್ ಪೂರ್ತಿ ಒಂದೇ ಏಟಿಗೆ ರೆಕಾರ್ಡ್ ಮಾಡಿ, ಹಾಡು ಹಾಡಿಗೆ ನಿಲ್ಲಿಸ್ಬೇಡಿ. 45 ನಿಮಿಷದ ಸೈಡು 24 ಬಿಟ್ ವೇವ್‌ನಲ್ಲಿ 700 ಎಂಬಿ ಹತ್ರ ಬರುತ್ತೆ, ಫ್ಲ್ಯಾಕ್ ಅನ್ನೋ ಫಾರ್ಮ್ಯಾಟ್‌ಗೆ ಮಾಡಿದ್ರೆ ಇನ್ನೂ ಸುಮಾರು ಕಮ್ಮಿ, ಕ್ವಾಲಿಟಿ ಚೂರೂ ಹೋಗಲ್ಲ. ಈ ಫೈಲನ್ನ ಮೂಲ ಅಂತ ಹೆಸರಿಟ್ಟು ಪಕ್ಕಕ್ಕಿಡಿ, ಮುಂದೆ ಮಾಡೋ ಪ್ರಯೋಗ ಎಲ್ಲಾ ಕಾಪಿ ಮೇಲೆ.

ನಾಯ್ಸ್ ರಿಡಕ್ಷನ್, ಅಂದ್ರೆ ಟೇಪಿನ ಸ್ಸ್ ಸದ್ದು ತಗ್ಗಿಸೋ ಎಫೆಕ್ಟ್, ಅದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ ಇದೆ. ಹಾಡುಗಳ ಮಧ್ಯೆ ಬರೀ ಸ್ಸ್ ಅಂತಿರೋ ಎರಡು ಸೆಕೆಂಡ್ ಸೆಲೆಕ್ಟ್ ಮಾಡಿ ಪ್ರೊಫೈಲ್ (ಸ್ಸ್ ಸದ್ದಿನ ಮಾದರಿ) ತಗೊಂಡು, 6ರಿಂದ 9 ಡಿಬಿ ಒಳಗೆ ನಿಲ್ಲಿಸಿ. ಅದೇ ವಿಂಡೋದಲ್ಲಿ ರೆಸಿಡ್ಯೂ ಅಂತ ಒಂದು ಆಯ್ಕೆ ಇದೆ, ಏನನ್ನ ತೆಗೆದು ಹಾಕ್ತಿದೆ ಅನ್ನೋದನ್ನ ಮಾತ್ರ ಕೇಳಿಸುತ್ತೆ. ಅದರಲ್ಲಿ ಬರೀ ಸ್ಸ್ ಇದ್ರೆ ಸರಿ, ಹಾಡೋರ ದನಿ ಸಣ್ಣಗಾದ್ರೂ ಕೇಳಿಸ್ತು ಅಂದ್ರೆ ಜಾಸ್ತಿ ಆಯ್ತು, ಕಮ್ಮಿ ಮಾಡಿ. ಮನೆ ರೆಕಾರ್ಡಿಂಗ್‌ನಲ್ಲಿ ಹಿಂದುಗಡೆ ಕೋಳಿ ಕೂಗೋದು, ಬಾವಿ ರಾಟೆ ಸದ್ದು, ಯಾರೋ ಕಾಫಿಗೆ ಕರೆಯೋದು ಇದನ್ನೆಲ್ಲ ತೆಗೀತೀನಿ ಅಂತ ಕೂರೋರು ಇದ್ದಾರೆ, ನನಗಂತೂ ಅರ್ಥ ಆಗಲ್ಲ. ಮೋನೋ ಟೂ-ಇನ್-ವನ್‌ನಲ್ಲಿ ರೆಕಾರ್ಡ್ ಮಾಡಿದ್ದಾದ್ರೆ ಎರಡೂ ಚಾನೆಲ್ ಸೇರಿಸಿ ಮೋನೋ ಮಾಡಿ, ಅಜಿಮತ್ ಸರಿ ಇದ್ರೆ ಅದರಿಂದಾನೇ ಸ್ಸ್ ಸ್ವಲ್ಪ ತಗ್ಗುತ್ತೆ.

ಕತ್ತರಿಸೋಕೆ ಪ್ರತಿ ಹಾಡಿನ ಶುರುವಲ್ಲಿ ಕಂಟ್ರೋಲ್ ಬಿ ಒತ್ತಿ ಹೆಸರು ಟೈಪ್ ಮಾಡ್ತಾ ಹೋಗಿ, ಕೊನೇಗೆ ಎಕ್ಸ್‌ಪೋರ್ಟ್ ಮಾಡುವಾಗ ಮಲ್ಟಿಪಲ್ ಫೈಲ್ಸ್ ಅಂತ ಕೊಟ್ರೆ ಎಲ್ಲಾ ಬೇರೆ ಬೇರೆ ಫೈಲಾಗಿ ಬರುತ್ತೆ. ಹೆಸರು ಯೂನಿಕೋಡ್ ಕನ್ನಡದಲ್ಲೇ ಬರೀರಿ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಇಲ್ಲಿಗೆ ತಂದ್ರೆ ಚಿತ್ರಾನ್ನ. ಕೆಲವು ಹಳೇ ಕಾರ್ ಸ್ಟೀರಿಯೋ ಕನ್ನಡದ ಬದ್ಲು ಡಬ್ಬ ಡಬ್ಬ ತೋರಿಸುತ್ತೆ, ಅಂಥದ್ದಿದ್ರೆ ಫೈಲ್ ಹೆಸರು ಇಂಗ್ಲಿಷ್‌ನಲ್ಲಿಟ್ಟು ಎಂಪಿ3ಟ್ಯಾಗ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಒಳಗಿನ ಟ್ಯಾಗ್ (ಹಾಡು, ಗಾಯಕರ ಹೆಸರಿನ ವಿವರ) ಕನ್ನಡದಲ್ಲಿ ತುಂಬಿ. ಒಂದೇ ಗಾಯಕಿಯ ಹೆಸರನ್ನ ಒಂದ್ಕಡೆ ಎಸ್. ಜಾನಕಿ ಇನ್ನೊಂದ್ಕಡೆ ಬರೀ ಜಾನಕಿ ಅಂತ ಬರೆದ್ರೆ ಪ್ಲೇಯರ್ ಇಬ್ಬರು ಅನ್ಕೊಳ್ಳುತ್ತೆ, ಅದಕ್ಕೇ ಮೊದ್ಲೇ ಒಂದು ರೂಢಿ ಮಾಡ್ಕೊಳ್ಳಿ. ಕ್ಯಾಸೆಟ್ ಒಳಗಿನ ಕಾಗದದ ಎರಡೂ ಬದಿ ಸ್ಕ್ಯಾನ್ ಮಾಡಿ ಅದೇ ಫೋಲ್ಡರ್‌ಗೆ ಹಾಕಿ.

ಫೈಲ್‌ನ ಎರಡು ಕಡೆ ಇಡಿ, ಒಂದು ಹಾರ್ಡ್ ಡಿಸ್ಕು, ಇನ್ನೊಂದು ಬೇರೆ ಮನೇಲೋ ಕ್ಲೌಡ್‌ನಲ್ಲೋ. ಪೆನ್‌ಡ್ರೈವ್ ಲೆಕ್ಕಕ್ಕಿಲ್ಲ. ಕ್ಯಾಸೆಟ್ ಬಿಸಾಕ್ಬೇಡಿ, ಒಣ ಜಾಗದಲ್ಲಿ ನಿಲ್ಲಿಸಿಡಿ, ಸ್ಪೀಕರ್ ಪಕ್ಕ ಮಾತ್ರ ಬೇಡ. ಕಂಪನಿ ಕ್ಯಾಸೆಟ್‌ದನ್ನ ನೆಟ್‌ಗೆ ಏರಿಸೋ ಉತ್ಸಾಹ ಇದ್ರೆ ನೆನಪಿರ್ಲಿ, ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆ ಆದ್ಮೇಲೆ 60 ವರ್ಷ ಇರುತ್ತೆ, ಸಾಹಿತ್ಯದ ಹಕ್ಕು ಬರೆದವ್ರು ತೀರ್ಕೊಂಡ್ಮೇಲೆ 60 ವರ್ಷ.

ಇನ್ನೊಂದು ಕೆಲಸ ಇದೆ, ಇದನ್ನ ಆದಷ್ಟು ಬೇಗ ಮಾಡಿ. ಮನೆ ರೆಕಾರ್ಡಿಂಗ್‌ನಲ್ಲಿ ಮಾತಾಡ್ತಿರೋರು ಯಾರು ಅಂತ ಫೈಲ್ ಹೇಳಲ್ಲ. ಅರ್ಧ ನಿಮಿಷದ ತುಣುಕು ಕತ್ತರಿಸಿ ಮನೆಯವ್ರ ವಾಟ್ಸಾಪ್ ಗುಂಪಿಗೆ ಹಾಕಿ ಇದು ಯಾರ ದನಿ ಅಂತ ಕೇಳಿ. ದೊಡ್ಡಮ್ಮ ಇದು ತೀರ್ಥಹಳ್ಳಿ ಅತ್ತೆ ಅಂತಾರೆ, ಚಿಕ್ಕಪ್ಪ ಅಲ್ಲವೇ ಅಲ್ಲ ಅದು ಪಕ್ಕದ್ಮನೆಯವ್ರು ಅಂತಾರೆ, ಎರಡು ದಿನ ಜಗಳ ನಡಿಯುತ್ತೆ. ಕಾಮೆಂಟ್ ಅಂತ ಒಂದು ಟ್ಯಾಗ್ ಖಾಲಿ ಇರುತ್ತಲ್ಲ, ಯಾರು ಯಾವ ಹೆಸರು ಹೇಳಿದ್ರು ಅಂತ ಎರಡನ್ನೂ ಅಲ್ಲೇ ಬರೆದಿಡಿ, ತೀರ್ಮಾನ ಮಾಡಕ್ಕೆ ಹೋಗ್ಬೇಡಿ.