ಮನೇಲೇ ಗಿಟಾರ್ ಕಲಿಯೋರಿಗೆ, ಮುಂಬೈ ಹತ್ರದ ಡೊಂಬಿವಲಿಯಿಂದ

ಮೊದಲ ಗಿಟಾರ್ ತಗೊಳ್ಳೋವಾಗ ನೋಡ್ಬೇಕಾದ್ದು ತಂತಿ ಫ್ರೆಟ್‌ಬೋರ್ಡಿಂದ (ಬೆರಳಲ್ಲಿ ತಂತಿ ಒತ್ತೋ ಉದ್ದ ಪಟ್ಟಿಯಿಂದ) ಎಷ್ಟು ಮೇಲಿದೆ ಅಂತ, ತುಂಬಾ ಮೇಲಿದ್ರೆ ಒತ್ತೋಕೆ ಬೆರಳಿಗೆ ಪ್ರಾಣ ಹೋಗತ್ತೆ, ಅಂಗಡೀಲೇ ಹೇಳಿ ಕೆಳಗೆ ಮಾಡಿಸ್ಕೊಳ್ಳಿ.

ಮನೆಗೆ ಬಂದ್ಮೇಲೆ ಫೋನಲ್ಲಿ ಟ್ಯೂನರ್ ಆ್ಯಪ್ ಹಾಕ್ಕೊಂಡು ದಪ್ಪ ತಂತಿಯಿಂದ ಸಣ್ಣ ತಂತಿವರೆಗೆ ಇ, ಎ, ಡಿ, ಜಿ, ಬಿ, ಇ ಅನ್ನೋ ಸ್ವರಗಳಿಗೆ ಶ್ರುತಿ ಸೇರಿಸ್ಕೊಳ್ಳಿ, ದಿನಾ ಇದನ್ನ ಮಾಡ್ಲೇಬೇಕು.

ಈಗ ಕಾರ್ಡ್, ಅಂದ್ರೆ ಕೆಲವು ಸ್ವರ ಒಟ್ಟಿಗೆ ನುಡಿಸೋದು. ತಂತಿ ಎಣಿಸೋದು ಸಣ್ಣದರಿಂದ, ಅದು 1ನೇದು, ದಪ್ಪದ್ದು 6ನೇದು; ಫ್ರೆಟ್ ಅಂದ್ರೆ ಪಟ್ಟಿ ಮೇಲೆ ಲೋಹದ ಕಡ್ಡಿಗಳ ನಡುವಿನ ಮನೆ, ಗಿಟಾರ್ ತಲೆ ಕಡೆಯಿಂದ ಎಣಿಸ್ಬೇಕು. ಇ ಮೇಜರ್‌ಗೆ 5 ಮತ್ತೆ 4ನೇ ತಂತಿ ಎರಡನೇ ಫ್ರೆಟ್ಟಲ್ಲಿ, 3ನೇದು ಮೊದಲ ಫ್ರೆಟ್ಟಲ್ಲಿ. ಅದೇ ಆಕಾರಾನ ಹಂಗೇ ಒಂದು ತಂತಿ ಕೆಳಗೆ, ಅಂದ್ರೆ ಸಣ್ಣ ತಂತಿ ಕಡೆಗೆ ಇಳಿಸಿ, ಎ ಮೈನರ್ ಆಯ್ತು! ನಂಗೆ ಇದು ಗೊತ್ತಾದ ದಿನ ಎಷ್ಟು ಖುಷಿಯಾಯ್ತು ಅಂದ್ರೆ ರಾತ್ರಿ ಊಟಾನೇ ಮರೆತಿದ್ದೆ. ಬೆರಳು ಫ್ರೆಟ್ ಕಡ್ಡಿಗೆ ತಾಗ್ದಂಗೆ ಅದರ ಹಿಂದೇನೇ (ಗಿಟಾರ್ ತಲೆ ಕಡೆಗೆ) ಇರ್ಲಿ, ತುದಿ ನೆಟ್ಟಗೆ ನಿಲ್ಲಲಿ, ಒಂದೊಂದೇ ತಂತಿ ಮೀಟಿ ನೋಡಿ, ಟಪ್ ಅಂತ ಸತ್ತ ಸದ್ದು ಬಂದ್ರೆ ಯಾವ್ದೋ ಬೆರಳು ಪಕ್ಕದ ತಂತಿಗೆ ತಾಗ್ತಿದೆ ಇಲ್ಲಾ ಸರಿಯಾಗಿ ಒತ್ತಿಲ್ಲ. ಆಮೇಲೆ ಒಂದು ನಿಮಿಷ ಟೈಮರ್ ಇಟ್ಟು ಇ ಇಂದ ಎ ಮೈನರ್‌ಗೆ ಎಷ್ಟು ಸಲ ಬದಲಾಯಿಸ್ತೀರ ಎಣಿಸಿ ಬರೆದಿಡಿ.

ಬೆರಳ ತುದಿ ಉರಿಯತ್ತೆ, ಕೆಲವು ವಾರದಲ್ಲಿ ಚರ್ಮ ಗಟ್ಟಿಯಾಗತ್ತೆ. ದಿನಾ 15 ನಿಮಿಷ ಸಾಕು, ಭಾನುವಾರ ಒಂದೇ ಸಲ ಎರಡು ಗಂಟೆ ಕೂರೋದಕ್ಕಿಂತ ಇದೇ ವಾಸಿ.

ಇನ್ನೊಂದು ಮಾತು, ಮುಂಬೈ ಮಳೆಗಾಲದಲ್ಲಿ ಗಿಟಾರನ್ನ ಗೋಡೆಗೆ ಒರಗಿಸಿ ಬಿಡ್ಬೇಡಿ, ತೇವಕ್ಕೆ ಮರ ಉಬ್ಬತ್ತೆ ತಂತಿ ತುಕ್ಕು ಹಿಡಿಯತ್ತೆ, ನುಡಿಸಿದ್ಮೇಲೆ ಒಣಬಟ್ಟೇಲಿ ತಂತಿ ಒರೆಸಿ ಬ್ಯಾಗಲ್ಲಿ ತೇವ ಹೀರೋ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿಡಿ.