ಸತ್ತವರ ಮಾತು: ವಾದಕ್ಕೆ ಇಳಿಯುವ ಮುನ್ನ

ಹಾಸನದ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಟ್ಟು ಎಲ್ಲರೂ ಊಟಕ್ಕೆ ಕುಳಿತಾಗ, ತೀರಿಕೊಂಡವರು ಮತ್ತೊಬ್ಬರ ಬಾಯಿಂದ ಮಾತನಾಡುತ್ತಾರೆಯೇ ಎಂಬ ಚರ್ಚೆ ಏಳುವುದುಂಟು. ಅಲ್ಲಿ ಆತ್ಮವಿದೆಯೇ ಎಂದು ಕೇಳಬೇಡಿ. ಆ ಪ್ರಶ್ನೆ ಬೆಳಗಾದರೂ ಮುಗಿಯುವುದಿಲ್ಲ. ಹೇಳಿದ ವಿಷಯವನ್ನು ಆ ವ್ಯಕ್ತಿ ಬೇರೆ ದಾರಿಯಿಂದ ತಿಳಿದಿರಲು ಸಾಧ್ಯವಿತ್ತೇ ಎಂದಷ್ಟೇ ಕೇಳಿ.

ಅದಕ್ಕಾಗಿ, ಸತ್ತವರ ಮಾತು ಹೇಳುತ್ತೇವೆ ಎನ್ನುವವರ ಬಳಿ ಹೋದಾಗ ನಡೆಯುವ ಮಾತುಕತೆಯನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ‘ಎದೆಯ ಭಾಗದಲ್ಲಿ ಏನೋ ನೋವು...’ ಎಂದು ಅವರು ತಡೆಯುತ್ತಾರೆ. ‘ಹೌದು, ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು’ ಎಂದು ನಾವೇ ತುಂಬುತ್ತೇವೆ. ಮನೆಗೆ ಬಂದ ಮೇಲೆ ಅದನ್ನೂ ಅವರೇ ಹೇಳಿದರೆಂದು ನೆನಪಿಟ್ಟುಕೊಳ್ಳುತ್ತೇವೆ. ತಪ್ಪಿದ ಮಾತುಗಳನ್ನೂ ಎಣಿಸಿ. ಜನ ಮರೆಯುವುದು ಅವನ್ನೇ.

ವಾದಕ್ಕೆ ಇತಿಹಾಸವೂ ಬೇಕು. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಫಾಕ್ಸ್ ಸಹೋದರಿಯರ ಮನೆಯಲ್ಲಿ ಕೇಳಿಸಿದ ‘ಪ್ರೇತದ ಸದ್ದು’ ತಮ್ಮದೇ ಕಾಲ್ಬೆರಳ ಗಂಟಿನಿಂದ ಮಾಡಿದ್ದೆಂದು ಅವರಲ್ಲೊಬ್ಬರಾದ ಮಾರ್ಗರೆಟ್ 1888ರಲ್ಲಿ ಒಪ್ಪಿಕೊಂಡರು. ಮರುವರ್ಷ ಆ ಹೇಳಿಕೆಯನ್ನು ಹಿಂತೆಗೆದುಕೊಂಡರೆಂಬುದನ್ನೂ ಮುಚ್ಚಿಡದೆ ಹೇಳಿ. ಎದುರಾಳಿ ಹೇಳುವ ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು. ಜಾದೂಗಾರ ಹೂಡಿನಿ, ಸತ್ತ ಮೇಲೂ ಮಾತನಾಡಲು ಸಾಧ್ಯವಾದರೆ ತಿಳಿಸಬೇಕಾದ ಗುಟ್ಟಿನ ಸಂಕೇತವೊಂದನ್ನು ಮಡದಿಯೊಡನೆ ಗೊತ್ತುಮಾಡಿ 1926ರಲ್ಲಿ ತೀರಿಕೊಂಡರು. ಅವರ ಆತ್ಮದಿಂದ ಮಾತು ಕೇಳಲು ಆಕೆ 1936ರವರೆಗೆ ಪ್ರಯತ್ನಿಸಿ ಕೈಬಿಟ್ಟರು.

ಹನ್ನೊಂದನೆಯ ದಿನದ ಕಾರ್ಯ ಮುಗಿಯದ ಮನೆಯಲ್ಲಿ ಈ ಚರ್ಚೆಯನ್ನು ತೆಗೆಯಬೇಡಿ. ಯಾರಾದರೂ ಅಲ್ಲಿ ಹಣ ಕೀಳುತ್ತಿದ್ದರೆ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕರೆದು ತಿಳಿಸಿ.