ಗ್ಲಿಸರಿನ್‌ನಲ್ಲಿ ಕುಗ್ಗಿದ ಕೋಶ ತಾನಾಗಿಯೇ ತುಂಬಿಕೊಂಡಿತು

ರಿಯೋ (ಎಲೆಯ ಅಡಿಭಾಗ ನೇರಳೆ ಇರುವ ಅಲಂಕಾರದ ಗಿಡ) ಎಲೆಯ ಸಿಪ್ಪೆಯನ್ನು ಉಪ್ಪುನೀರಿಗೆ ಹಾಕಿ ಪ್ಲಾಸ್ಮೋಲಿಸಿಸ್, ಅಂದರೆ ನೀರು ಕಳೆದುಕೊಂಡ ಕೋಶದ ಒಳಭಾಗ ಕುಗ್ಗಿ ಗೋಡೆಯಿಂದ ಬಿಡುವುದನ್ನು, ತೋರಿಸುವುದು ಪಿಯು ಪ್ರಾಕ್ಟಿಕಲ್‌ನಲ್ಲಿ ನಾವೆಲ್ಲ ಮಾಡುವುದೇ. ಅದರಲ್ಲಿ ಗೊತ್ತಾಗುವುದು ನೀರು ಹೊರಗೆ ಹೋಯಿತು ಅನ್ನೋದಷ್ಟೇ. ಕೋಶಪೊರೆ ಯಾವುದನ್ನು ಒಳಗೆ ಬಿಡುತ್ತದೆ, ಯಾವುದನ್ನು ತಡೆಯುತ್ತದೆ ಅನ್ನೋದನ್ನೂ ಮಕ್ಕಳು ಕಣ್ಣಾರೆ ನೋಡಬೇಕು ಅಂತ ನನಗೆ ಹಟ. "ನಮ್ಮ ಮೈಕ್ರೋಸ್ಕೋಪಲ್ಲಿ ಅದೆಲ್ಲ ಆಗಲ್ಲ ಸಾರ್" ಅಂದವರೇ ಜಾಸ್ತಿ. ಈಗ ಅವರೇ ಬಂದು ನೋಡಿ ಹೋಗಿದ್ದಾರೆ.

ಪೊರೆ ದಾಟಬಲ್ಲ ಪದಾರ್ಥ ಒಂದು, ದಾಟಲಾರದ ಸಕ್ಕರೆ ಇನ್ನೊಂದು, ಎರಡನ್ನೂ ಹೋಲಿಸಬೇಕಿತ್ತು. ದಾಟುವುದಕ್ಕೆ ಮೊದಲು ಯೂರಿಯಾ ಹಿಡಿದೆ. ಗೊಬ್ಬರದ ಯೂರಿಯಾ ಈಗ ಬೇವು ಲೇಪಿತ. ಎಣ್ಣೆಯ ಹನಿಗಳು ತೇಲಿ ಸ್ಲೈಡೆಲ್ಲ ಮಬ್ಬು. ಲ್ಯಾಬ್‌ಗೆ ಮಾರುವ ಯೂರಿಯಾಕ್ಕೆ ಕೈಯಿಂದ ನಾನೂರರ ಹತ್ತಿರ ಕೊಟ್ಟೆ. ಅದು ಕವರ್‌ಸ್ಲಿಪ್ ಅಂಚಿನಲ್ಲಿ ಒಣಗಿ ಹರಳು ಕಟ್ಟಿತು. ಆಮೇಲೆ ಮೆಡಿಕಲ್ ಶಾಪಿನ ಗ್ಲಿಸರಿನ್ ತಂದೆ. ಅರವತ್ತೋ ಎಪ್ಪತ್ತೋ ರೂಪಾಯಿ. ಒಂದು ಬಾಟಲಿ ವರ್ಷಗಟ್ಟಲೆ ಬರುತ್ತದೆ.

100 ಮಿಲೀ ದ್ರಾವಣಕ್ಕೆ ಸಕ್ಕರೆ 17 ಗ್ರಾಂ. ಇನ್ನೊಂದಕ್ಕೆ ಗ್ಲಿಸರಿನ್ 4 ಮಿಲೀಗಿಂತ ಚೂರು ಕಡಿಮೆ, ಸೂಜಿ ತೆಗೆದ ಸಿರಿಂಜ್‌ನಲ್ಲಿ. ಆಗ ಎರಡರಲ್ಲೂ ಅಣುಗಳ ಲೆಕ್ಕ ಹೆಚ್ಚುಕಡಿಮೆ ಒಂದೇ, ಕೋಶದಿಂದ ನೀರು ಎಳೆಯುವ ಬಲವೂ ಒಂದೇ. ಸ್ಲೈಡ್ ಮೇಲೆ ಬಿಟ್ಟರೆ ಒಣಗುತ್ತದೆ. ಸಿಪ್ಪೆಗಳನ್ನು ಮುಚ್ಚಳವಿರುವ ಡಬ್ಬಿಯಲ್ಲೇ ನೆನೆಸಿಡಿ, ನೋಡುವಾಗ ಮಾತ್ರ ತೆಗೆಯಿರಿ.

ಕಾಲು ಗಂಟೆಯಲ್ಲಿ ಎರಡರಲ್ಲೂ ಕೋಶಗಳು ಕುಗ್ಗಿದವು. ಗೋಡೆಯ ಮೂಲೆಗಳು ಖಾಲಿ, ನಡುವೆ ನೇರಳೆ ಉಂಡೆ. ಮಧ್ಯಾಹ್ನದ ಹೊತ್ತಿಗೆ ಗ್ಲಿಸರಿನ್‌ನಲ್ಲಿದ್ದ ಉಂಡೆಗಳು ಮೆಲ್ಲಗೆ ಹರಡಿ ಮತ್ತೆ ಮೂಲೆ ಮುಟ್ಟಿದ್ದವು. ಸಕ್ಕರೆಯಲ್ಲಿದ್ದವು ಹಾಗೇ ಇದ್ದವು. ಗ್ಲಿಸರಿನ್ ಚಿಕ್ಕ ಅಣು, ಪೊರೆ ದಾಟಿ ನಿಧಾನಕ್ಕೆ ಒಳಗೆ ಸೇರಿತು. ನೀರು ಅದರ ಹಿಂದೆಯೇ ಬಂತು. ಸಕ್ಕರೆಗೆ ಆ ದಾರಿ ಇಲ್ಲ. 1890ರ ದಶಕದಲ್ಲಿ ಝೂರಿಕ್‌ನಲ್ಲಿ ಅರ್ನೆಸ್ಟ್ ಓವರ್ಟನ್ ಎಂಬ ವಿಜ್ಞಾನಿ ಹೀಗೇ ನೂರಾರು ಪದಾರ್ಥ ಹಾಕಿ ನೋಡಿದ್ದರು. ಕೊಬ್ಬಿನಲ್ಲಿ ಸುಲಭವಾಗಿ ಕರಗುವುದು ಬೇಗ ಒಳಹೋಗುತ್ತದೆ, ಹಾಗಾಗಿ ಪೊರೆಯೂ ಕೊಬ್ಬಿನಂಥದ್ದೇ ಇರಬೇಕು ಅಂದರು. ಪೊರೆಯ ಕೊಬ್ಬಿನ ಎರಡು ಪದರದ ಮಾತು ಬಂದದ್ದು 1925ರಲ್ಲಿ.

"ಕೋಶ ಸತ್ತಿರಬೇಕು" ಅಂದರು ಒಬ್ಬರು. ಸತ್ತಿದ್ದರೆ ನೇರಳೆ ಬಣ್ಣ ಹೊರಗೆ ಸೋರುತ್ತಿತ್ತು, ಅಲ್ವಾ? ಅದನ್ನು ತೋರಿಸಲು ಬೀಟ್‌ರೂಟ್ ಹೋಳುಗಳನ್ನು ತೊಳೆದು, ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿತ್ತಲ್ಲ, ಅದಕ್ಕೆ ಹಾಕಿದೆ. ಆಲ್ಕೋಹಾಲ್ ಪೊರೆ ಕೆಡಿಸಿ ಸ್ವಲ್ಪ ಹೊತ್ತಲ್ಲೇ ಕೆಂಪಾಯಿತು. ತಣ್ಣೀರಿನಲ್ಲಿದ್ದ ಹೋಳು ಬಣ್ಣ ಬಿಡಲೇ ಇಲ್ಲ ಅನ್ನಬಹುದು.

ಸಿಪ್ಪೆ ಹರಿಯದಂತೆ ಒಂದೇ ಪದರ ಎಬ್ಬಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ. ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯ ರಸಭರಿತ ಪದರದ ಹೊರಮೈಯಿಂದ ಎಬ್ಬಿಸಿದ ನೇರಳೆ ಸಿಪ್ಪೆಯೂ ನಡೆಯುತ್ತದೆ, ಒಣ ಸಿಪ್ಪೆಯಲ್ಲ. ಬಿಳಿ ಈರುಳ್ಳಿಗೆ ಮಾತ್ರ ಕೈ ಹಾಕಬೇಡಿ, ಬಣ್ಣವಿಲ್ಲದೆ ಸರಿಯಾಗಿ ಕಾಣಲ್ಲ.